ಪ್ರಷ್ಯದ ಕ್ಯಾಪ್ಟನ್, ಅಮೆರಿಕದ ಮೇಜರ್ ಜನರಲ್

ಹದಿನೆಂಟನೆಯ ಶತಮಾನದಲ್ಲಿ ಜರ್ಮನಿ ಎಂಬ ಒಂದೇ ರಾಜ್ಯವಿರಲಿಲ್ಲ. ಪವಿತ್ರ ರೋಮನ್ ಸಾಮ್ರಾಜ್ಯವೆಂಬ ಹಳೆಯ ಹೆಸರಿನ ನೆರಳಿನಲ್ಲಿ ಅರಸರು, ಬಿಷಪ್ಪರು ಮತ್ತು ಪಾಳೆಯಗಾರರಂಥ ಚಿಕ್ಕ ದೊರೆಗಳು ಆಳುತ್ತಿದ್ದ ನೂರಾರು ಸಂಸ್ಥಾನಗಳಿದ್ದವು. ಅವುಗಳಲ್ಲಿ ಕೆಲವಕ್ಕೆ ಸೈನ್ಯವೇ ಪ್ರತಿಷ್ಠೆಯ ಗುರುತಾಗಿದ್ದರೆ, ಇನ್ನು ಕೆಲವಕ್ಕೆ ಆ ಸೈನ್ಯವನ್ನು ಪರರಾಜ್ಯಗಳಿಗೆ ಬಾಡಿಗೆಗೆ ಕೊಡುವುದೇ ಬೊಕ್ಕಸ ತುಂಬುವ ದಾರಿಯಾಗಿತ್ತು. ಇಂಥ ಲೋಕದಲ್ಲಿ ಸೇನಾಧಿಕಾರಿಯ ವೃತ್ತಿಗೆ ದೇಶದ ಗಡಿ ಇರಲಿಲ್ಲ. ಒಬ್ಬ ದೊರೆಯ ಕೆಲಸ ಮುಗಿದರೆ ಮತ್ತೊಬ್ಬನ ಬಳಿ ಹೋಗಿ ನಿಲ್ಲುವುದನ್ನು ಯಾರೂ ದ್ರೋಹವೆಂದು ಎಣಿಸುತ್ತಿರಲಿಲ್ಲ. ಫ್ರೀಡ್ರಿಕ್ ವಿಲ್ಹೆಲ್ಮ್ ಫಾನ್ ಸ್ಟೊಯ್ಬೆನ್ (1730-1794) ಇಂಥ ಅಧಿಕಾರಿಗಳಲ್ಲೊಬ್ಬ. ಅಮೆರಿಕನ್ನರು ಸ್ಟೂಬೆನ್ ಎಂದು ಕರೆಯುವ ಈತನನ್ನು ಅಲ್ಲಿನ ಸ್ವಾತಂತ್ರ್ಯ ಯುದ್ಧದ ಕಥನಗಳು ಹರಕು ಬಟ್ಟೆಯ ರೈತರಿಗೆ ಕವಾಯತು ಕಲಿಸಿದ ಶಿಕ್ಷಕನಾಗಿ ನೆನೆಯುತ್ತವೆ. ಆ ಚಿತ್ರ ಸುಳ್ಳಲ್ಲ, ಆದರೆ ಅಪೂರ್ಣ. ಆತ ಅಟ್ಲಾಂಟಿಕ್ ದಾಟಿಸಿದ ವಿದ್ಯೆಯಲ್ಲಿ ಕವಾಯತು ಒಂದು ಭಾಗ ಮಾತ್ರ, ಮತ್ತು ಬಹುಶಃ ಅತಿ ಸುಲಭವಾದ ಭಾಗ.

ಸ್ಟೊಯ್ಬೆನ್ ಹುಟ್ಟಿದ್ದು 1730ರ ಸೆಪ್ಟೆಂಬರ್ 17ರಂದು, ಎಲ್ಬೆ ನದಿಯ ದಡದ ಕೋಟೆ ಪಟ್ಟಣವಾದ ಮಾಗ್ಡೆಬುರ್ಗ್‌ನಲ್ಲಿ. ತಂದೆ ವಿಲ್ಹೆಲ್ಮ್ ಆಗಸ್ಟಿನ್ ಪ್ರಷ್ಯದ ಸೇನೆಯಲ್ಲಿ ಕೋಟೆಕೊತ್ತಲಗಳನ್ನು ಕಟ್ಟುವ, ಮುತ್ತಿಗೆಯ ಕಂದಕಗಳನ್ನು ಗುರುತಿಸುವ ಎಂಜಿನಿಯರ್ ಅಧಿಕಾರಿಯಾಗಿದ್ದ. ಮಗ ಕೂಸಾಗಿದ್ದಾಗಲೇ ತಂದೆ ರಷ್ಯದ ಸಾಮ್ರಾಜ್ಞಿ ಆನ್ನಾಳ ಸೇವೆಗೆ ಹೋದುದರಿಂದ ಹುಡುಗನ ಬಾಲ್ಯದ ಮೊದಲ ವರ್ಷಗಳು ರಷ್ಯದ ಸೇನಾನೆಲೆಗಳಲ್ಲಿ ಕಳೆದವು. 1740ರಲ್ಲಿ ಇಮ್ಮಡಿ ಫ್ರೀಡ್ರಿಕ್ ಪ್ರಷ್ಯದ ಪಟ್ಟಕ್ಕೆ ಬಂದ ಮೇಲೆ ಕುಟುಂಬ ತಾಯ್ನಾಡಿಗೆ ಮರಳಿತು. ಪ್ರಾಟೆಸ್ಟಂಟ್ ಮನೆತನದ ಹುಡುಗನಾದರೂ ಓದಿದ್ದು ಸೈಲೀಸಿಯ ಪ್ರಾಂತದ ಜೆಸ್ಯುಯಿಟ್ ಪಾದ್ರಿಗಳ ಶಾಲೆಗಳಲ್ಲಿ. ಗಣಿತ ಮತ್ತು ಫ್ರೆಂಚ್ ಭಾಷೆ ಅವನಿಗೆ ಅಲ್ಲಿಂದ ದೊರೆತವೆಂದು ಹೇಳಲಾಗುತ್ತದೆ. ಇಂಗ್ಲಿಷ್ ಬಾರದ ಅವನನ್ನು ಮುಂದೆ ಪರನಾಡಿನಲ್ಲಿ ಉಳಿಸಿದ್ದು ಆ ಫ್ರೆಂಚೇ.

ಅವನ ಹೆಸರಿನ ನಡುವೆ ಇರುವ 'ಫಾನ್' ಎಂಬ ಪದದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಊರಿನ ಹೆಸರಿಗೆ ಮೊದಲು 'ಅಲ್ಲಿಂದ ಬಂದವನು' ಎಂಬ ಅರ್ಥದಲ್ಲಿ ಸೇರುತ್ತಿದ್ದ ಈ ಪದ ಆ ಕಾಲಕ್ಕೆ ಕುಲೀನ ಮನೆತನದ ಗುರುತಾಗಿ ನಿಂತಿತ್ತು, ಮತ್ತು ಪ್ರಷ್ಯದ ಸೇನೆಯಲ್ಲಿ ಅಧಿಕಾರಿಯಾಗಿ ಮೇಲೇರಲು ಕುಲೀನತೆ ಹೆಚ್ಚು ಕಡಿಮೆ ಕಡ್ಡಾಯವಾಗಿತ್ತು. ಸ್ಟೊಯ್ಬೆನ್‌ನ ಅಜ್ಜ ಆಗಸ್ಟಿನ್ ಸ್ಟೊಯ್ಬೆ ಒಬ್ಬ ಪಾದ್ರಿ. ತನ್ನ ವಂಶವನ್ನು ಅದೇ ಹೆಸರಿನ ಹಳೆಯ ಕುಲೀನ ಮನೆತನಕ್ಕೆ ಜೋಡಿಸಿ, ಹೆಸರಿಗೆ 'ಫಾನ್' ಸೇರಿಸಿಕೊಂಡವನು ಅವನೇ. ಮೊಮ್ಮಗ ಮುಂದೆ ತನ್ನ ಹುದ್ದೆಯ ವಿಷಯದಲ್ಲಿ ಮಾಡಿದ ದೊಡ್ಡ ಉತ್ಪ್ರೇಕ್ಷೆಯನ್ನು ಹಲವು ಲೇಖಕರು ಅವನ ವೈಯಕ್ತಿಕ ಸ್ವಭಾವದ ದೋಷವಾಗಿ ಕಂಡಿದ್ದಾರೆ. ಹುಟ್ಟಿನ ಚೀಟಿ ಇಲ್ಲದವನಿಗೆ ಬಾಗಿಲು ತೆರೆಯದಿದ್ದ ಸಮಾಜದಲ್ಲಿ ಇಂಥ ತಿದ್ದುಪಡಿ ಮೂರು ತಲೆಮಾರುಗಳ ಬದುಕುವ ದಾರಿಯಾಗಿತ್ತೆಂಬುದನ್ನೂ ಅದರ ಜೊತೆಗೇ ಇಟ್ಟು ನೋಡಬೇಕಾಗುತ್ತದೆ.

ಹದಿನಾರು ಹದಿನೇಳರ ಹರೆಯದಲ್ಲಿ ಅವನು ಸೇರಿದ ಪ್ರಷ್ಯದ ಸೇನೆ ಯೂರೋಪಿನಲ್ಲೇ ವಿಶಿಷ್ಟವಾದುದು. 1740ರಲ್ಲಿ ಸುಮಾರು ಇಪ್ಪತ್ತೆರಡು ಲಕ್ಷ ಜನಸಂಖ್ಯೆಯ ಆ ಚಿಕ್ಕ ರಾಜ್ಯ 80 ಸಾವಿರ ಸೈನಿಕರನ್ನು ಸಾಕುತ್ತಿತ್ತು. ನಾಡನ್ನು ಕ್ಯಾಂಟನ್ ಎಂಬ ವಲಯಗಳಾಗಿ ಹಂಚಿ, ಪ್ರತಿ ವಲಯದ ರೈತಾಪಿ ಯುವಕರ ಹೆಸರನ್ನು ಆ ವಲಯದ ರೆಜಿಮೆಂಟಿನ ದಫ್ತರದಲ್ಲಿ ಬರೆದಿಟ್ಟು, ವರ್ಷದ ಕೆಲವು ತಿಂಗಳು ಕವಾಯತಿಗೂ ಉಳಿದ ಕಾಲ ಹೊಲಗೆಲಸಕ್ಕೂ ಬಿಡುವ ಪದ್ಧತಿಯಿಂದ ಇದು ಸಾಧ್ಯವಾಗಿತ್ತು. ಆ ಕಾಲದ ಬಂದೂಕು ನಳಿಕೆಯ ಬಾಯಿಯಿಂದ ಮದ್ದು ಗುಂಡು ತುಂಬಿ ಗಜದಿಂದ ಜಡಿಯಬೇಕಾದ, ನೂರು ಗಜ ದೂರಕ್ಕೆ ಗುರಿ ನಂಬಲಾಗದ ಆಯುಧ. ಆದ್ದರಿಂದ ಅದರ ಬಲ ಒಬ್ಬೊಬ್ಬ ಸೈನಿಕನ ಗುರಿಗಾರಿಕೆಯಲ್ಲಿರದೆ, ನೂರಾರು ಜನ ಒಟ್ಟಿಗೆ ನಿಂತು ಒಂದೇ ಕ್ಷಣಕ್ಕೆ ಹಾರಿಸಿ, ಮತ್ತೆ ಬೇಗ ತುಂಬಿಕೊಳ್ಳುವುದರಲ್ಲಿತ್ತು. ಪ್ರಷ್ಯದ ಕುಖ್ಯಾತ ಶಿಸ್ತು, ಕೋಲಿನ ಏಟು, ಗಡಿಯಾರದ ಮುಳ್ಳಿನಂಥ ಹೆಜ್ಜೆ ಇವೆಲ್ಲ ಹುಟ್ಟಿದ್ದು ಆಯುಧದ ಈ ಕೊರತೆಯಿಂದ.

ಬ್ರೆಸ್ಲೌ ಪಟ್ಟಣದಲ್ಲಿದ್ದ ಪದಾತಿ ರೆಜಿಮೆಂಟಿನಲ್ಲಿ ಕೆಳಗಿನ ಮೆಟ್ಟಿಲಿಂದ ಆರಂಭಿಸಿದ ಸ್ಟೊಯ್ಬೆನ್‌ಗೆ ಯುದ್ಧದ ನಿಜವಾದ ಪಾಠ ದೊರೆತದ್ದು 1756ರಿಂದ 1763ರವರೆಗೆ ನಡೆದ ಏಳು ವರ್ಷಗಳ ಯುದ್ಧದಲ್ಲಿ. ಆಸ್ಟ್ರಿಯ, ರಷ್ಯ ಮತ್ತು ಫ್ರಾನ್ಸ್ ಒಂದಾಗಿ ಪ್ರಷ್ಯವನ್ನು ಸುತ್ತುವರಿದಿದ್ದ ಆ ಯುದ್ಧದಲ್ಲಿ ಅವನು 1757ರ ಪ್ರಾಗ್ ಕದನದಲ್ಲಿ ಗಾಯಗೊಂಡ. ಅನಂತರ ಜನರಲ್ ಫಾನ್ ಮಾಯರ್ ಎಂಬವನ ಸ್ವತಂತ್ರ ದಳಕ್ಕೆ ಸೇರಿ ಅವನ ಅಡ್ಜುಟೆಂಟ್, ಅಂದರೆ ದಳಪತಿಯ ಆಜ್ಞೆಗಳನ್ನು ಬರೆದು ಮುಟ್ಟಿಸಿ ಅವು ನೆರವೇರುವುದನ್ನು ನೋಡಿಕೊಳ್ಳುವ ಸಹಾಯಕ ಅಧಿಕಾರಿಯಾದ. ಈ ಸ್ವತಂತ್ರ ದಳಗಳು ಮುಖ್ಯ ಸೇನೆಯ ಸಾಲುಗಳಿಂದ ಹೊರಗಿದ್ದು ದಾಳಿ, ಬೇಹುಗಾರಿಕೆ ಮತ್ತು ಸರಬರಾಜು ಕಡಿಯುವ ಕೆಲಸಕ್ಕೆ ಬಳಕೆಯಾಗುತ್ತಿದ್ದವು. ಎಲ್ಲೆಲ್ಲಿಂದಲೋ ಕೂಡಿಹಾಕಿದ, ಶಿಸ್ತಿಗೆ ಒಗ್ಗದ ಜನರೇ ಅವುಗಳಲ್ಲಿ ಹೆಚ್ಚು. ಅಮೆರಿಕದಲ್ಲಿ ಅವನು ಎದುರಿಸಿದ ಸೈನಿಕರಿಗೆ ಪ್ರಷ್ಯದ ಮೆರವಣಿಗೆ ಮೈದಾನದ ಪದಾತಿಗಿಂತ ಈ ಜನರೇ ಹತ್ತಿರದವರಾಗಿದ್ದರು.

1759ರ ಕುನೆರ್ಸ್‌ಡಾರ್ಫ್ ಕದನದಲ್ಲಿ, ಫ್ರೀಡ್ರಿಕ್ ಅರಸ ತನ್ನ ಬದುಕಿನ ಅತ್ಯಂತ ಭೀಕರ ಸೋಲು ಕಂಡ ದಿನ, ಸ್ಟೊಯ್ಬೆನ್ ಎರಡನೆಯ ಬಾರಿ ಗಾಯಗೊಂಡ. 1761ರಲ್ಲಿ ಬಾಲ್ಟಿಕ್ ಕಡಲಿಗೆ ಸಮೀಪದ ಟ್ರೆಪ್ಟೌ ಎಂಬಲ್ಲಿ ಅವನಿದ್ದ ಪಡೆ ರಷ್ಯನ್ನರಿಗೆ ಶರಣಾಗಿ, ಅವನು ಸೆರೆಯಾಳಾಗಿ ಸೇಂಟ್ ಪೀಟರ್ಸ್‌ಬರ್ಗ್ ಸೇರಿದ. ಆ ಸೆರೆಯೇ ಅವನಿಗೆ ಭಾಗ್ಯದ ಬಾಗಿಲಾಯಿತು. ಪ್ರಷ್ಯದ ಅಭಿಮಾನಿಯಾಗಿದ್ದ ಯುವರಾಜ ಮೂರನೆಯ ಪೀಟರ್ 1762ರ ಜನವರಿಯಲ್ಲಿ ಸಿಂಹಾಸನವೇರಿ, ಗೆಲ್ಲುತ್ತಿದ್ದ ಯುದ್ಧವನ್ನು ತಾನಾಗಿ ನಿಲ್ಲಿಸಿ ಫ್ರೀಡ್ರಿಕನೊಡನೆ ಸಂಧಿ ಮಾಡಿಕೊಂಡಾಗ, ಆ ಆಸ್ಥಾನವನ್ನು ಬಲ್ಲ ಕೈದಿ ಅಧಿಕಾರಿಗಳಿಗೆ ಬೆಲೆ ಬಂದಿತು. ಸ್ಟೊಯ್ಬೆನ್ ಮರಳಿ ಬಂದು ಕ್ಯಾಪ್ಟನ್ ಆದ, ಅರಸನ ಪಾಳೆಯದಲ್ಲೇ ಸಹಾಯಕನಾದ.

ಇಲ್ಲಿ ಅವನಿಗೆ ದೊರೆತದ್ದೇ ಅವನ ಮುಂದಿನ ಬದುಕಿನ ಬಂಡವಾಳ. ಸಾವಿರಾರು ಸೈನಿಕರಿಗೆ ರೊಟ್ಟಿ ಎಲ್ಲಿಂದ ಬರಬೇಕು, ಯಾವ ದಾರಿಯಲ್ಲಿ ಎಷ್ಟು ಹೊತ್ತಿಗೆ ಯಾವ ದಳ ಹೊರಡಬೇಕು, ಪಾಳೆಯ ಎಲ್ಲಿ ಇಳಿಯಬೇಕು, ಬಂದೂಕು ಎಷ್ಟಿವೆ, ರೋಗಿಗಳು ಎಷ್ಟು, ಪಹರೆಯಲ್ಲಿ ಎಷ್ಟು ಮಂದಿ ಎಂಬ ಲೆಕ್ಕವನ್ನೆಲ್ಲ ನಡೆಸುವ ಕಾರ್ಯಾಲಯಕ್ಕೆ ಸೇನಾ ಪರಿಭಾಷೆಯಲ್ಲಿ ಸ್ಟಾಫ್ ಎನ್ನುತ್ತಾರೆ. ಯೂರೋಪಿನ ಇತರ ಸೇನೆಗಳಲ್ಲಿ ಅದು ದಂಡನಾಯಕನ ಆಪ್ತರ ಕೂಟವಾಗಿದ್ದ ಕಾಲದಲ್ಲಿ ಫ್ರೀಡ್ರಿಕ್ ಅದನ್ನೊಂದು ವಿದ್ಯೆಯಾಗಿ ಬೆಳೆಸತೊಡಗಿದ್ದ. ತಾನೇ ಆರಿಸಿದ ಹದಿಮೂರು ಮಂದಿ ಯುವ ಅಧಿಕಾರಿಗಳಿಗೆ ಯುದ್ಧಕಲೆಯ ವಿಶೇಷ ಪಾಠವನ್ನು ಅರಸ ಸ್ವತಃ ಹೇಳಿದ. ಆ ಹದಿಮೂರರಲ್ಲಿ ಸ್ಟೊಯ್ಬೆನ್ ಒಬ್ಬ. ಮುಂದೆ ಅವನು ಹೇಳಿಕೊಂಡ ಹುದ್ದೆ ಸುಳ್ಳಾದರೂ ಈ ಕಲಿಕೆ ಸುಳ್ಳಲ್ಲ.

ಆದರೆ ಶಾಂತಿ ಬಂದೊಡನೆ ಆ ವಿದ್ಯೆಗೆ ಕೆಲಸವಿಲ್ಲದಾಯಿತು. 1763ರಲ್ಲಿ ಪ್ರಷ್ಯದ ಸೇನೆ ಕುಗ್ಗಿದಾಗ, ಯುದ್ಧದ ತುರ್ತಿನಲ್ಲಿ ಮೇಲೆ ಬಂದಿದ್ದ ಸಾಧಾರಣ ಹುಟ್ಟಿನ ಅಧಿಕಾರಿಗಳನ್ನು ಅರಸ ಹೊರಗೆ ಕಳಿಸತೊಡಗಿದ. ಮೂವತ್ತೆರಡರ ಸ್ಟೊಯ್ಬೆನ್ ಕ್ಯಾಪ್ಟನ್ ಆಗಿಯೇ ಸೇವೆಯಿಂದ ಹೊರಬಿದ್ದ. ಮರುವರ್ಷ ದಕ್ಷಿಣ ಜರ್ಮನಿಯ ಪುಟ್ಟ ಸಂಸ್ಥಾನವಾದ ಹೋಹೆನ್‌ಜೊಲೆರ್ನ್-ಹೆಕಿಂಗೆನ್‌ನಲ್ಲಿ ಅವನಿಗೆ ಹೋಫ್‌ಮಾರ್ಷಲ್ ಹುದ್ದೆ ಸಿಕ್ಕಿತು. ಅರಮನೆಯ ಊಟೋಪಚಾರ, ಅತಿಥಿಸತ್ಕಾರ, ಆಳುಕಾಳು, ಖರ್ಚುವೆಚ್ಚ ಇವುಗಳ ಮೇಲ್ವಿಚಾರಕನೆಂದರೆ ಆ ಹುದ್ದೆಯ ಅರ್ಥ ಸ್ಪಷ್ಟವಾದೀತು. ಅಲ್ಲಿದ್ದಾಗಲೇ ನೆರೆಯ ಬಾಡೆನ್ ಸಂಸ್ಥಾನ 1769ರಲ್ಲಿ ಅವನಿಗೆ ನಿಷ್ಠೆಯ ಪದಕವೆಂಬ ಬಿರುದನ್ನು ನೀಡಿತು. ಅದರ ನಕ್ಷತ್ರಾಕಾರದ ಬಿಲ್ಲೆಯನ್ನು ಅವನು ಕೊನೆಯವರೆಗೂ ಎದೆಯ ಮೇಲೆ ಧರಿಸಿದ. ಬ್ಯಾರನ್ ಎಂಬ ಉಪಾಧಿಯೂ ಆ ವರ್ಷಗಳದೇ. ಬಿರುದು ಬಂದಿತೇ ಹೊರತು ಹಣ ಬರಲಿಲ್ಲ. ಸಾಲದಲ್ಲಿ ಮುಳುಗಿದ್ದ ದೊರೆ 1771ರಲ್ಲಿ ಹೆಸರು ಮರೆಸಿಕೊಂಡು ಸಾಲ ಹುಡುಕುತ್ತ ಫ್ರಾನ್ಸಿಗೆ ಹೋದಾಗ ಸ್ಟೊಯ್ಬೆನ್ ಜೊತೆಗಿದ್ದ. 1775ರಲ್ಲಿ ಇಬ್ಬರೂ ಇನ್ನಷ್ಟು ಸಾಲದೊಂದಿಗೆ ಮರಳಿದರು.

ಅಲ್ಲಿಂದಾಚೆಗೆ ಅವನು ಬೇರೆ ಬೇರೆ ದೊರೆಗಳ ಸೇನೆಗಳಲ್ಲಿ ಹುದ್ದೆ ಕೇಳಿ ವಿಫಲನಾದ. 1777ರ ಬೇಸಿಗೆಯಲ್ಲಿ, ಅವನು ಚಿಕ್ಕ ವಯಸ್ಸಿನ ಹುಡುಗರೊಡನೆ ಅನುಚಿತವಾಗಿ ನಡೆದುಕೊಂಡನೆಂಬ ಆಪಾದನೆ ಹೊತ್ತ ಪತ್ರವೊಂದು ಹೆಕಿಂಗೆನ್ ದೊರೆಗೆ ಬಂದಿತು. ಆ ಆಪಾದನೆ ಯಾವ ನ್ಯಾಯಸ್ಥಾನದ ಮುಂದೂ ಬರಲಿಲ್ಲ, ಸಾಕ್ಷ್ಯದ ವಿಚಾರಣೆ ಎಂದೂ ನಡೆಯಲಿಲ್ಲ. ಆದರೆ ಜರ್ಮನಿಯಲ್ಲಿ ಅವನಿಗೆ ಉಳಿದಿದ್ದ ಬಾಗಿಲುಗಳನ್ನು ಮುಚ್ಚಲು ಅಷ್ಟು ಸಾಕಾಗಿತ್ತು. ಸ್ಟೊಯ್ಬೆನ್ ಮದುವೆಯಾಗಲಿಲ್ಲ, ಅವನ ಗಾಢ ಸ್ನೇಹಗಳೆಲ್ಲ ಪುರುಷರೊಡನೆ ಇದ್ದವು ಎಂಬುದನ್ನು ಹಿಡಿದು ಇಂದಿನ ಇತಿಹಾಸಕಾರರು ಹಲವರು ಅವನನ್ನು ಸಲಿಂಗಾನುರಾಗಿಯೆಂದು ಓದುತ್ತಾರೆ. ಆ ಓದನ್ನೂ ಪತ್ರದ ಆಪಾದನೆಯನ್ನೂ ಒಂದೇ ಎಂಬಂತೆ ಬೆರೆಸುವುದು ಮಾತ್ರ ಅನ್ಯಾಯ.

ಅದೇ ಬೇಸಿಗೆಯಲ್ಲಿ ಅವನು ಪ್ಯಾರಿಸ್ಸಿನಲ್ಲಿದ್ದ. ಬ್ರಿಟನ್ ವಿರುದ್ಧ ದಂಗೆಯೆದ್ದಿದ್ದ ಅಮೆರಿಕದ ಹದಿಮೂರು ವಸಾಹತುಗಳ ಪ್ರತಿನಿಧಿಗಳಾಗಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಸೈಲಸ್ ಡೀನ್ ಅಲ್ಲಿದ್ದರು. ಆ ದಂಗೆಗೆ ಗುಟ್ಟಾಗಿ ಆಯುಧ ಸಾಗಿಸುತ್ತಿದ್ದ ನಾಟಕಕಾರ ಬೋಮಾರ್ಷೆ ಮತ್ತು ಫ್ರಾನ್ಸಿನ ಯುದ್ಧ ಮಂತ್ರಿ ಕೌಂಟ್ ಸೇಂ-ಜರ್ಮೇನ್ ಸ್ಟೊಯ್ಬೆನ್‌ನನ್ನು ಅವರಿಗೆ ಪರಿಚಯಿಸಿದರು. ಆದರೆ ದೊಡ್ಡ ಹುದ್ದೆ, ದೊಡ್ಡ ಸಂಬಳ ಬೇಡುತ್ತ ಬಂದಿಳಿದ ಯೂರೋಪಿನ ಅಧಿಕಾರಿಗಳಿಂದ ಅಮೆರಿಕದ ಕಾಂಗ್ರೆಸ್, ಅಂದರೆ ವಸಾಹತುಗಳ ಪ್ರತಿನಿಧಿಗಳ ಸಭೆ, ಅಷ್ಟರಲ್ಲಾಗಲೇ ಬೇಸತ್ತಿತ್ತು. ಹದಿನಾಲ್ಕು ವರ್ಷಗಳ ಹಿಂದೆ ಕೆಲಸ ಕಳೆದುಕೊಂಡ ಕ್ಯಾಪ್ಟನ್‌ನೊಬ್ಬನನ್ನು ಅದು ತಿರುಗಿಯೂ ನೋಡುತ್ತಿರಲಿಲ್ಲ. ಆದ್ದರಿಂದ ಫ್ರಾಂಕ್ಲಿನ್ ಸೆಪ್ಟೆಂಬರಿನಲ್ಲಿ ಅಮೆರಿಕದ ಸೇನಾಪತಿ ಜಾರ್ಜ್ ವಾಷಿಂಗ್ಟನ್‌ಗೆ ಬರೆದ ಪತ್ರದಲ್ಲಿ ಸ್ಟೊಯ್ಬೆನ್ ಪ್ರಷ್ಯದ ಅರಸನ ಸೇವೆಯಲ್ಲಿದ್ದ ಲೆಫ್ಟಿನೆಂಟ್ ಜನರಲ್ ಆದ. ಕ್ಯಾಪ್ಟನ್ ಹುದ್ದೆಯಿಂದ ಅಲ್ಲಿಗೆ ಐದಾರು ಮೆಟ್ಟಿಲುಗಳ ಅಂತರವಿದೆ. ಇದಕ್ಕೆ ಜೋಡಿಯಾಗಿ ಇನ್ನೊಂದು ಉಪಾಯವೂ ಇತ್ತು: ಹುದ್ದೆ ಬೇಡ, ಸಂಬಳ ಬೇಡ, ಖರ್ಚು ಕೊಟ್ಟರೆ ಸಾಕು, ಯುದ್ಧ ಗೆದ್ದರೆ ಪ್ರತಿಫಲ ನೋಡೋಣ ಎಂದು ಆತ ಸ್ವಯಂಸೇವಕನಾಗಿ ಮುಂದೆ ಬಂದ. ಅಮೆರಿಕನ್ನರನ್ನು ಗೆದ್ದದ್ದು ಜನರಲ್ ಪದವಿಗಿಂತ ಬಹುಶಃ ಈ ನಿಸ್ಪೃಹತೆಯ ಮಾತು.

ಸೆಪ್ಟೆಂಬರ್ 26ರಂದು ಮಾರ್ಸೇಲ್ಸ್ ಬಂದರಿನಿಂದ ಹೊರಟ ಹಡಗು ಡಿಸೆಂಬರ್ 1ರಂದು ನ್ಯೂ ಹ್ಯಾಂಪ್‌ಶೈರಿನ ಪೋರ್ಟ್ಸ್‌ಮೌತ್ ತಲುಪಿತು. ಜೊತೆಗೆ ಹದಿನೇಳು ವರ್ಷದ ದುಭಾಷಿ ಪಿಯೇರ್ ದ್ಯೂ ಪೋನ್ಸೋ ಮತ್ತು ಅಜೋರ್ ಎಂಬ ಬೇಟೆನಾಯಿ ಇದ್ದರು. ಬ್ರಿಟಿಷರು ಫಿಲಡೆಲ್ಫಿಯವನ್ನು ಹಿಡಿದಿದ್ದುದರಿಂದ ಯಾರ್ಕ್ ಪಟ್ಟಣಕ್ಕೆ ಸರಿದಿದ್ದ ಕಾಂಗ್ರೆಸ್ಸಿನ ಅನುಮತಿ ಪಡೆದು, 1778ರ ಫೆಬ್ರವರಿ 23ರಂದು ಅವನು ವ್ಯಾಲಿ ಫೋರ್ಜ್ ಪಾಳೆಯಕ್ಕೆ ಬಂದ.

ಫಿಲಡೆಲ್ಫಿಯಕ್ಕೆ ಸುಮಾರು 30 ಕಿಲೋಮೀಟರ್ ದೂರದ ವ್ಯಾಲಿ ಫೋರ್ಜ್‌ನಲ್ಲಿ ವಾಷಿಂಗ್ಟನ್ನನ ಸೇನೆ ಡಿಸೆಂಬರಿನಿಂದ ಚಳಿಗಾಲ ಕಳೆಯುತ್ತಿತ್ತು. ಸೈನಿಕರು ತಾವೇ ಕಡಿದ ಮರದ ದಿಮ್ಮಿಗಳಿಂದ ಕಟ್ಟಿಕೊಂಡ ಗುಡಿಸಲುಗಳಲ್ಲಿ, ಸರಿಯಾದ ಬಟ್ಟೆ, ಪಾದರಕ್ಷೆ, ಆಹಾರವಿಲ್ಲದೆ ದಿನ ದೂಡಿದರು. ಆ ಆರು ತಿಂಗಳಲ್ಲಿ ಸುಮಾರು ಎರಡು ಸಾವಿರ ಮಂದಿ ಸತ್ತರು, ಒಂದೇ ಒಂದು ಕದನವಿಲ್ಲದೆ, ಟೈಫಸ್, ವಿಷಮಶೀತಜ್ವರ, ಆಮಶಂಕೆಗಳಿಂದ. ಹಸಿವು ಚಳಿಗಳ ಹಿಂದೆ ಕಣ್ಣಿಗೆ ಬೀಳದ ಮತ್ತೊಂದು ಕೇಡಿತ್ತು. ಒಂದು ರೆಜಿಮೆಂಟಿನಲ್ಲಿ ಎಷ್ಟು ಜನ ಇದ್ದಾರೆಂದು ಖಚಿತವಾಗಿ ಹೇಳಬಲ್ಲವರಿರಲಿಲ್ಲ. ಸೇವೆಯ ಅವಧಿ ಮುಗಿದವರು ಬಂದೂಕು ಹೊತ್ತೇ ಊರಿಗೆ ಹೋಗುತ್ತಿದ್ದರು. ಒಂದೊಂದು ರಾಜ್ಯದ ದಳ ಒಂದೊಂದು ಬಗೆಯ ಕವಾಯತು ಕಲಿತಿತ್ತು. ದಾರಿಯಲ್ಲಿ ಒಬ್ಬರ ಹಿಂದೊಬ್ಬರಂತೆ ಉದ್ದನೆಯ ಸಾಲಿನಲ್ಲಿ ನಡೆಯುತ್ತಿದ್ದುದರಿಂದ ಮುಂದಿನವರು ಶತ್ರುವಿನೆದುರು ಬಂದಾಗ ಹಿಂದಿನವರು ಎಷ್ಟೋ ಹಿಂದೆ ಉಳಿಯುತ್ತಿದ್ದರು. ಧೈರ್ಯದ ಕೊರತೆ ಈ ಸೇನೆಗೆ ಇರಲಿಲ್ಲ, ಅದರ ಧೈರ್ಯವನ್ನು ಒಂದು ಕಡೆ ಕೂಡಿಸುವ ಕ್ರಮ ಇರಲಿಲ್ಲ.

ಸ್ಟೊಯ್ಬೆನ್ ಮಾರ್ಚಿನಲ್ಲಿ ಕೈಗೊಂಡ ಮೊದಲ ಕೆಲಸ, ಸುಮಾರು ನೂರು ಜನರ ಒಂದು ಮಾದರಿ ತುಕಡಿಯನ್ನು ಆರಿಸಿ ತಾನೇ ಕಲಿಸತೊಡಗಿದ್ದು. ಬ್ರಿಟಿಷ್ ಪದ್ಧತಿಯಲ್ಲಿ ಕವಾಯತು ಸಾರ್ಜೆಂಟರ ಪಾಲಿನ ಕೆಲಸ, ಅಧಿಕಾರಿಗಳ ಘನತೆಗೆ ತಕ್ಕುದಲ್ಲ. ಎದೆಯ ಮೇಲೆ ಬಾಡೆನ್ ನಕ್ಷತ್ರ ತೊಟ್ಟ, ಜನರಲ್ ಎಂದು ಎಲ್ಲರೂ ನಂಬಿದ್ದ ವ್ಯಕ್ತಿಯೇ ಸಿಪಾಯಿಯ ಬಂದೂಕು ಕೈಗೆತ್ತಿಕೊಂಡು ಒಂದೊಂದು ಚಲನೆಯನ್ನೂ ಮಾಡಿ ತೋರಿಸಿದ್ದು ಅಲ್ಲಿನ ಅಧಿಕಾರಿಗಳಿಗೆ ಮೊದಲ ಪಾಠವಾಯಿತು. ಅವನು ಹಿಂದಿನ ರಾತ್ರಿ ಪಾಠವನ್ನು ಫ್ರೆಂಚಿನಲ್ಲಿ ಬರೆಯುವುದು, ದ್ಯೂ ಪೋನ್ಸೋ ಅದನ್ನು ಇಂಗ್ಲಿಷಿಗೆ ತರುವುದು, ವಾಷಿಂಗ್ಟನ್ನನ ಸಹಾಯಕರಾದ ಅಲೆಗ್ಸಾಂಡರ್ ಹ್ಯಾಮಿಲ್ಟನ್ ಮತ್ತು ಜಾನ್ ಲಾರೆನ್ಸ್ ಅದನ್ನು ಸೈನಿಕರಿಗೆ ತಿಳಿಯುವ ಮಾತಿಗೆ ಇಳಿಸುವುದು, ಅನಂತರ ಒಂದೊಂದು ದಳದ ದಫ್ತರಕ್ಕೂ ನಕಲು ಹೋಗುವುದು ಹೀಗೆ ಕೆಲಸ ಸಾಗಿತು. ಮೈದಾನದಲ್ಲಿ ಮಾತು ಸಿಕ್ಕಿಬಿದ್ದಾಗ ಫ್ರೆಂಚ್ ಬಲ್ಲ ಕ್ಯಾಪ್ಟನ್ ಬೆಂಜಮಿನ್ ವಾಕರ್ ಮುಂದೆ ಬಂದು ನೆರವಾದ, ಆಮೇಲೆ ಬದುಕಿಡೀ ಅವನ ಜೊತೆಗುಳಿದ. ಕಲಿತ ತುಕಡಿಯವರು ತಂತಮ್ಮ ದಳಗಳಿಗೆ ಹೋಗಿ ಕಲಿಸಿದರು. ಕೆಲವೇ ವಾರಗಳಲ್ಲಿ ಇಡೀ ಪಾಳೆಯ ಒಂದೇ ಹೆಜ್ಜೆಗೆ ಬಂದಿತು.

ಅವನು ಕಲಿಸಿದ್ದು ಪ್ರಷ್ಯದ ಕವಾಯತಿನ ನಕಲಲ್ಲ ಎಂಬುದನ್ನು ಗಮನಿಸಬೇಕು. ಬಂದೂಕು ತುಂಬುವ ಚಲನೆಗಳನ್ನು ಅವನು ಕಡಿತಗೊಳಿಸಿದ, ಮೂರು ಸಾಲಿನ ವ್ಯೂಹದ ಬದಲು ಎರಡು ಸಾಲನ್ನು ಇಟ್ಟುಕೊಂಡ, ಒಂದೇ ಸಾಲಿನ ನಡಿಗೆಯನ್ನು ಬಿಡಿಸಿ ಅಗಲವಾದ ಕಾಲಂ ವ್ಯೂಹದಲ್ಲಿ ನಡೆದು ಕ್ಷಣದಲ್ಲಿ ಯುದ್ಧದ ಸಾಲಾಗಿ ಬಿಚ್ಚಿಕೊಳ್ಳುವುದನ್ನು ಕಲಿಸಿದ. ಬಂದೂಕಿನ ತುದಿಗೆ ಸಿಕ್ಕಿಸುವ ಬಯೊನೆಟ್ ಎಂಬ ಅಲಗು ಅದುವರೆಗೆ ಮಾಂಸ ಸುಡುವ ಕಡ್ಡಿಯಾಗಿತ್ತೆಂದು ಹೇಳುವುದುಂಟು. ಅದು ಈಗ ಆಯುಧವಾಯಿತು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಕೋಲನ್ನು ಬಿಟ್ಟಿದ್ದು. ಪ್ರಷ್ಯದ ಸೈನಿಕನಿಗೆ 'ಮಾಡು' ಎಂದರೆ ಮಾಡುತ್ತಾನೆ, ಅಮೆರಿಕದವನಿಗೆ ಏಕೆ ಮಾಡಬೇಕೆಂದು ಮೊದಲು ತಿಳಿಸಬೇಕು ಎಂಬ ಅರ್ಥದ ಮಾತನ್ನು ಅವನು ಯೂರೋಪಿನ ಹಳೆಯ ಸಹೋದ್ಯೋಗಿಯೊಬ್ಬನಿಗೆ ಬರೆದನೆಂದು ಪ್ರಸಿದ್ಧವಾಗಿದೆ. ನಲವತ್ತೇಳು ವರ್ಷ ಒಂದು ಪದ್ಧತಿಯಲ್ಲಿ ಬೆಳೆದವನು, ಭಾಷೆಯೇ ತಿಳಿಯದ ಜನರ ನಡುವೆ ಬಂದ ಒಂದೆರಡು ತಿಂಗಳಲ್ಲಿ ಅವರ ಸ್ವಭಾವವನ್ನು ಹೀಗೆ ಹಿಡಿದದ್ದು ಅಸಾಧಾರಣವಾದ ಗ್ರಹಣಶಕ್ತಿ.

ಕವಾಯತಿನಷ್ಟೇ ಹೊತ್ತನ್ನು ಅವನು ಪಾಳೆಯದ ನೆಲೆಗೂ ಕೊಟ್ಟ. ಗುಡಿಸಲುಗಳು ಬೀದಿಗಳಂತೆ ಕ್ರಮವಾಗಿ ನಿಲ್ಲಬೇಕು, ಅಡುಗೆಯ ಒಲೆಗಳು ಒಂದು ಕಡೆ, ಶೌಚದ ಗುಂಡಿಗಳು ಅದಕ್ಕೆ ವಿರುದ್ಧವಾದ ತುದಿಯಲ್ಲಿ, ಅದೂ ಇಳಿಜಾರಿನ ಕಡೆಗೆ ಇರಬೇಕು, ಸತ್ತ ಪ್ರಾಣಿಗಳನ್ನು ಹೂಳಬೇಕು ಎಂಬ ನಿಯಮಗಳು ಬಂದವು. ರೋಗಾಣುವಿನ ಕಲ್ಪನೆಯೇ ಇಲ್ಲದ ಕಾಲದಲ್ಲಿ ಅನುಭವದಿಂದ ಕಂಡುಕೊಂಡ ಈ ಕ್ರಮಗಳು ಎಷ್ಟೋ ಜೀವಗಳನ್ನು ಉಳಿಸಿರಬೇಕು. ಮೇ 5ರಂದು ಕಾಂಗ್ರೆಸ್ ಅವನನ್ನು ಮೇಜರ್ ಜನರಲ್ ಪದವಿಯೊಂದಿಗೆ ಇನ್‌ಸ್ಪೆಕ್ಟರ್ ಜನರಲ್ ಆಗಿ ನೇಮಿಸಿದ ಮೇಲೆ, ಪ್ರತಿ ಸೈನಿಕನ ಬಂದೂಕು, ತೋಟಾ, ಬಟ್ಟೆ, ಕಂಬಳಿಗಳನ್ನು ಹೆಸರಿನೆದುರು ಬರೆದಿಡುವ, ನಿಗದಿತ ಕಾಲಕ್ಕೆ ಎಣಿಸುವ ತನಿಖೆಯ ಪದ್ಧತಿ ನೆಲೆಗೊಂಡಿತು. ಹೆಕಿಂಗೆನ್ ಅರಮನೆಯ ಖರ್ಚಿನ ಪುಸ್ತಕ ನೋಡಿಕೊಳ್ಳುತ್ತಿದ್ದ ಹನ್ನೆರಡು ವರ್ಷಗಳು ಸೈನಿಕನ ಬದುಕಿನಲ್ಲಿ ಪೋಲಾದ ಕಾಲವೆಂದು ಜೀವನಚರಿತ್ರೆಗಳು ಸಾಮಾನ್ಯವಾಗಿ ದಾಟಿಬಿಡುತ್ತವೆ. ವ್ಯಾಲಿ ಫೋರ್ಜಿನ ಈ ಲೆಕ್ಕಪತ್ರಗಳನ್ನು ಕಂಡಾಗ ಹಾಗೆ ದಾಟುವುದು ಸರಿಯೆನಿಸುವುದಿಲ್ಲ.

ಫಲ ಬೇಗ ಕಂಡಿತು. ಜೂನ್ 28ರಂದು ಮನ್‌ಮೌತ್ ಎಂಬಲ್ಲಿ, ಜನರಲ್ ಚಾರ್ಲ್ಸ್ ಲೀಯ ಮುಂಪಡೆ ಗೊಂದಲದಲ್ಲಿ ಹಿಂದೆ ಸರಿಯುತ್ತಿದ್ದಾಗ ವಾಷಿಂಗ್ಟನ್ ನಡುವೆ ಬಂದು ತಡೆದು ನಿಲ್ಲಿಸಿದ. ಶತ್ರುವಿನ ಗುಂಡಿನೆದುರಿಗೇ ದಳಗಳು ಮತ್ತೆ ಸಾಲುಗೂಡಿ ಬಿಸಿಲಿನ ಆ ದಿನವಿಡೀ ಬ್ರಿಟಿಷ್ ಪದಾತಿಗೆ ಸಮಸಮನಾಗಿ ನಿಂತವು. ಮರುವರ್ಷದ ಜುಲೈಯಲ್ಲಿ ಅಮೆರಿಕದ ಜನರಲ್ ಆಂಟನಿ ವೇಯ್ನ್ ಸ್ಟೋನಿ ಪಾಯಿಂಟ್ ಕೋಟೆಯನ್ನು ರಾತ್ರಿಯ ಕತ್ತಲಲ್ಲಿ ಬಹುಪಾಲು ಗುಂಡು ತುಂಬದ ಬಂದೂಕುಗಳಿಂದ, ಬಯೊನೆಟ್ಟಿನ ಬಲದಿಂದಲೇ ಹಿಡಿದ.

1778-79ರ ಚಳಿಗಾಲವನ್ನು ಸ್ಟೊಯ್ಬೆನ್ ಫಿಲಡೆಲ್ಫಿಯದಲ್ಲಿ ಕಳೆದು ಈ ಪಾಠಗಳನ್ನು ಪುಸ್ತಕವಾಗಿಸಿದ. ಅವನು ಫ್ರೆಂಚಿನಲ್ಲಿ ಹೇಳಿದ್ದನ್ನು ಫ್ಲೂರಿ ಎಂಬ ಫ್ರೆಂಚ್ ಅಧಿಕಾರಿ ತಿದ್ದಿ, ದ್ಯೂ ಪೋನ್ಸೋ ಅನುವಾದಿಸಿ, ವಾಕರ್ ಇಂಗ್ಲಿಷನ್ನು ಹದಗೊಳಿಸಿದರೆ, ಮುಂದೆ ವಾಷಿಂಗ್ಟನ್ ನಗರದ ನಕ್ಷೆ ಬರೆದು ಪ್ರಸಿದ್ಧನಾದ ಪಿಯೇರ್ ಲಾಂಫಾಂ ಚಿತ್ರಗಳನ್ನು ಬರೆದ. 1779ರ ಮಾರ್ಚ್ 29ರಂದು ಕಾಂಗ್ರೆಸ್ ಅಂಗೀಕರಿಸಿದ ಈ ಕೈಪಿಡಿಗೆ, ಚರ್ಮದ ಅಭಾವದಿಂದ ನೀಲಿ ಕಾಗದದ ರಟ್ಟು ಹೊದಿಸಿದ್ದರಿಂದ, ನೀಲಿ ಪುಸ್ತಕವೆಂಬ ಹೆಸರು ಬಿದ್ದಿತು. ಹೆಜ್ಜೆಯ ಉದ್ದ ಎರಡು ಅಡಿ, ಸಾಧಾರಣ ನಡಿಗೆಯಲ್ಲಿ ನಿಮಿಷಕ್ಕೆ 75 ಹೆಜ್ಜೆ, ವೇಗದ ನಡಿಗೆಯಲ್ಲಿ 120 ಎಂಬಷ್ಟು ಸೂಕ್ಷ್ಮವಾದ ವಿವರಗಳ ಜೊತೆಗೆ ಪಾಳೆಯ, ಪಹರೆ, ರೋಗಿಗಳ ಆರೈಕೆಯ ಅಧ್ಯಾಯಗಳೂ ಇದರಲ್ಲಿವೆ. ಕೊನೆಯ ಭಾಗದಲ್ಲಿ ಪ್ರತಿ ದರ್ಜೆಯ ಅಧಿಕಾರಿಗೂ ಪ್ರತ್ಯೇಕ ಉಪದೇಶವಿದೆ. ಕ್ಯಾಪ್ಟನ್ ಆದವನು ತನ್ನ ತುಕಡಿಯ ಪ್ರತಿಯೊಬ್ಬನ ಹೆಸರನ್ನೂ ಸ್ವಭಾವವನ್ನೂ ತಿಳಿದಿರಬೇಕು, ಕಾಯಿಲೆ ಬಿದ್ದವರನ್ನು ನೋಡಬೇಕು, ದಯೆಯಿಂದ ಅವರ ಪ್ರೀತಿ ಗಳಿಸಬೇಕು ಎಂಬ ಆಶಯದ ಆ ಪುಟಗಳು ಪ್ರಷ್ಯದ ಯಾವ ಮೈದಾನದಿಂದಲೂ ನೇರವಾಗಿ ಬಂದವಲ್ಲ. 1792ರ ನಾಡಪಡೆ ಕಾಯಿದೆ ಇದೇ ಪುಸ್ತಕದ ನಿಯಮಗಳನ್ನು ಎಲ್ಲ ರಾಜ್ಯಗಳ ಪಡೆಗಳಿಗೂ ವಿಧಿಸಿತು. 1812ರ ಯುದ್ಧದ ಹೊತ್ತಿನವರೆಗೆ ಅದು ಬಳಕೆಯಲ್ಲಿ ಉಳಿಯಿತು.

ಒಂದು ಕವಾಯತಿನ ಪುಸ್ತಕಕ್ಕೆ ಇಷ್ಟು ಬೆಲೆ ಬಂದದ್ದು ಅಮೆರಿಕದಲ್ಲಿ ಮಾತ್ರವಲ್ಲ. ಹೆಚ್ಚು ಕಡಿಮೆ ಅದೇ ವರ್ಷಗಳಲ್ಲಿ ಮೈಸೂರಿನ ಟಿಪ್ಪು ಸುಲ್ತಾನ ತನ್ನ ಸೇನೆಗಾಗಿ ಜೈನುಲ್ ಅಬಿದೀನ್ ಶೂಸ್ತರಿಯಿಂದ ಫತಹುಲ್ ಮುಜಾಹಿದೀನ್ ಎಂಬ ಪಾರಸಿ ಕೈಪಿಡಿಯನ್ನು ಬರೆಸಿದ. ವ್ಯೂಹ, ಆಜ್ಞೆ, ಆಯುಧಗಳ ನಿರ್ವಹಣೆಯನ್ನು ಬರವಣಿಗೆಯಲ್ಲಿ ನಿಗದಿಗೊಳಿಸುವ ಅಗತ್ಯ ಬ್ರಿಟಿಷ್ ಪದಾತಿಯನ್ನು ಎದುರಿಸಿದವರಿಗೆಲ್ಲ ಒಂದೇ ಕಾಲಕ್ಕೆ ಹೊಳೆದಂತಿದೆ. ಅಮೆರಿಕದ ಮತ್ತು ಮೈಸೂರಿನ ಯುದ್ಧಗಳಿಗೆ ನೇರವಾದ ನಂಟೂ ಉಂಟು. ಹೈದರಾಲಿ 1780ರಲ್ಲಿ ಪೊಳ್ಳಿಲೂರಿನಲ್ಲಿ ಬ್ರಿಟಿಷರನ್ನು ಸೋಲಿಸಿದ ಕೀರ್ತಿ ಅಟ್ಲಾಂಟಿಕ್ ತೀರಕ್ಕೂ ಮುಟ್ಟಿತ್ತು. 1782ರ ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯದ ಯುದ್ಧನೌಕೆಯೊಂದು ಬ್ರಿಟಿಷರ ಜನರಲ್ ಮಂಕ್ ಹಡಗನ್ನು ಸೆರೆಹಿಡಿಯಿತು, ಆ ನೌಕೆಯ ಹೆಸರು ಹೈದರ್ ಅಲಿ. ಇನ್ನೊಂದು ಕಡೆ, ಇಂಗ್ಲೆಂಡಿನ ಮೂರನೆಯ ಜಾರ್ಜ್ ಜರ್ಮನಿಯ ಹ್ಯಾನೋವರ್ ಸಂಸ್ಥಾನಕ್ಕೂ ಒಡೆಯನಾಗಿದ್ದುದರಿಂದ, ಅಲ್ಲಿಂದ ಎರಡು ರೆಜಿಮೆಂಟುಗಳು ಮದರಾಸಿಗೆ ಬಂದು 1783ರಲ್ಲಿ ಕಡಲೂರಿನ ಕಾಳಗದಲ್ಲಿ ಮೈಸೂರಿನ ಮಿತ್ರರಾದ ಫ್ರೆಂಚರ ವಿರುದ್ಧ ಹೋರಾಡಿದವು. ಅಮೆರಿಕದಲ್ಲಂತೂ ಹೆಸ್ಸೆ-ಕಾಸೆಲ್, ಬ್ರೌನ್‌ಶ್ವೈಗ್ ಮುಂತಾದ ಸಂಸ್ಥಾನಗಳಿಂದ ಬಾಡಿಗೆಗೆ ಬಂದ ಸುಮಾರು 30 ಸಾವಿರ ಜರ್ಮನ್ ಸೈನಿಕರು ಬ್ರಿಟಿಷರ ಪಾಳೆಯದಲ್ಲಿದ್ದರು. ಸ್ಟೊಯ್ಬೆನ್ ಅವರ ಎದುರು ಬದಿಯಲ್ಲಿ, ಯಾವ ದೊರೆಯ ಒಪ್ಪಂದವೂ ಇಲ್ಲದೆ, ತಾನಾಗಿ ಆರಿಸಿಕೊಂಡು ನಿಂತಿದ್ದ.

1780ರ ಕೊನೆಯಲ್ಲಿ ಅವನನ್ನು ವರ್ಜೀನಿಯಕ್ಕೆ ಕಳಿಸಿದ್ದು ಅವನ ವೃತ್ತಿಯ ಕಹಿ ಅಧ್ಯಾಯ. ದಕ್ಷಿಣದಲ್ಲಿ ಹೋರಾಡುತ್ತಿದ್ದ ಜನರಲ್ ಗ್ರೀನ್‌ಗೆ ಅಲ್ಲಿಂದ ಜನ, ಕುದುರೆ, ಸಾಮಗ್ರಿ ಒದಗಿಸುವ ಹೊಣೆ ಅವನದಾಯಿತು. ಗವರ್ನರ್ ತಾಮಸ್ ಜೆಫರ್ಸನ್‌ನೊಡನೆ, ಶಾಸನಸಭೆಯೊಡನೆ ಅವನ ಮನಸ್ತಾಪ ಬೆಳೆಯಿತು. ಒತ್ತಾಯದಿಂದ ಜನರನ್ನು ಸೆಳೆಯಲು ಒಲ್ಲದ ಪ್ರಜಾಸರ್ಕಾರದ ಕಷ್ಟ ಅವನಿಗೆ ಅರ್ಥವಾಗಲಿಲ್ಲ, ಅವನ ತುರ್ತು ಅವರಿಗೆ ಅರ್ಥವಾಗಲಿಲ್ಲ. ವ್ಯಾಲಿ ಫೋರ್ಜಿನ ಸೈನಿಕರೊಡನೆ ತೋರಿದ ತಾಳ್ಮೆಯನ್ನು ಅವನು ಈ ರಾಜಕಾರಣಿಗಳೊಡನೆ ತೋರಲಿಲ್ಲವೆಂಬುದನ್ನು ಒಪ್ಪಬೇಕು. 1781ರ ಏಪ್ರಿಲ್‌ನಲ್ಲಿ ಪೀಟರ್ಸ್‌ಬರ್ಗ್ ಬಳಿ ಅವನ ಅರೆಬರೆ ಕಲಿತ ನಾಡಪಡೆ ದೊಡ್ಡ ಬ್ರಿಟಿಷ್ ದಳವನ್ನು ಕೆಲಹೊತ್ತು ತಡೆದು ಕ್ರಮವಾಗಿ ಹಿಂದೆ ಸರಿಯಿತು. ಆದರೆ ಜೂನ್‌ನಲ್ಲಿ ಪಾಯಿಂಟ್ ಆಫ್ ಫೋರ್ಕ್ ಎಂಬಲ್ಲಿ, ಸಿಮ್ಕೋ ಎಂಬ ಬ್ರಿಟಿಷ್ ಅಧಿಕಾರಿಯ ಚಿಕ್ಕ ಪಡೆಯನ್ನು ದೊಡ್ಡ ಸೇನೆಯೆಂದು ಭ್ರಮಿಸಿ ಸಾಮಗ್ರಿಗಳನ್ನು ಬಿಟ್ಟು ಹಿಂದೆಗೆದದ್ದು ಅವನ ಹೆಸರಿಗೆ ಕುಂದು ತಂದಿತು. ಆ ಕುಂದು ಅಳಿದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ, ಯಾರ್ಕ್‌ಟೌನ್ ಮುತ್ತಿಗೆಯಲ್ಲಿ ಅವನೊಂದು ವಿಭಾಗದ ದಳಪತಿಯಾಗಿದ್ದಾಗ. ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್‌ನ ಸಂಧಾನದ ಸಂದೇಶ ಬಂದ ಹೊತ್ತಿಗೆ ಮುಂಗಂದಕಗಳ ಕಾವಲು ಅವನ ವಿಭಾಗದ್ದಾಗಿತ್ತು. ಅಲ್ಲಿ ಶರಣಾದ ಆ ಕಾರ್ನ್‌ವಾಲಿಸನೇ ಹನ್ನೊಂದು ವರ್ಷಗಳ ಅನಂತರ ಶ್ರೀರಂಗಪಟ್ಟಣದ ಕೋಟೆಯೆದುರು ಟಿಪ್ಪುವಿಗೆ ಸಂಧಿಯ ಷರತ್ತು ವಿಧಿಸಿದವನು.

ಯುದ್ಧ ಮುಗಿದ ಮೇಲೆ ಸೇನೆಯನ್ನು ಚದುರಿಸುವ ಕೆಲಸದಲ್ಲೂ ವಾಷಿಂಗ್ಟನ್ ಅವನನ್ನೇ ನೆಚ್ಚಿದ. 1784ರ ಮಾರ್ಚಿನಲ್ಲಿ ಸ್ಟೊಯ್ಬೆನ್ ಸೇವೆಯಿಂದ ನಿವೃತ್ತನಾದ. ಅದೇ ವರ್ಷ ಪ್ರಕಟವಾದ ಬರಹವೊಂದರಲ್ಲಿ ಹೊಸ ಗಣರಾಜ್ಯಕ್ಕೆ ಚಿಕ್ಕದಾದ, ಚೆನ್ನಾಗಿ ತರಬೇತಾದ ನಾಡಪಡೆ ಬೇಕೆಂದು ಅವನು ವಾದಿಸಿದ. ಸೇನಾಧಿಕಾರಿಗಳಿಗಾಗಿ ಶಾಲೆಗಳು ಬೇಕೆಂಬ ಅವನ ಸಲಹೆ ಅವನು ಸತ್ತ ಎಂಟು ವರ್ಷಗಳ ಮೇಲೆ, 1802ರಲ್ಲಿ ವೆಸ್ಟ್ ಪಾಯಿಂಟ್ ಅಕಾಡೆಮಿಯ ಸ್ಥಾಪನೆಯೊಂದಿಗೆ ಕೈಗೂಡಿತು.

ಪ್ಯಾರಿಸ್ಸಿನಲ್ಲಿ ನೆಟ್ಟ ಅರ್ಧಸತ್ಯ ಈಗ ಅವನನ್ನೇ ಕಾಡಿತು. ಯೂರೋಪಿನಲ್ಲಿ ತ್ಯಜಿಸಿ ಬಂದ ದೊಡ್ಡ ಆದಾಯಕ್ಕೆ ಬದಲಾಗಿ ಪ್ರತಿಫಲ ನೀಡುವ ಕರಾರು ಆಗಿತ್ತೆಂದು ಅವನು ಕಾಂಗ್ರೆಸ್ಸಿನ ಮುಂದೆ ವರ್ಷಗಟ್ಟಲೆ ವಾದಿಸಿದ. ಇರದ ಆದಾಯದ ಮೇಲೆ ನಿಂತ ಆ ಬೇಡಿಕೆಯ ಹಿಂದೆ, ಸಂದಾಯವಾಗದೆ ಉಳಿದ ನಿಜವಾದ ಸೇವೆಯ ಋಣವೂ ಇತ್ತು. 1790ರಲ್ಲಿ ಕಾಂಗ್ರೆಸ್ ಅವನಿಗೆ ಬದುಕಿರುವವರೆಗೆ ವರ್ಷಕ್ಕೆ 2,500 ಡಾಲರ್ ವರ್ಷಾಶನ ಮಂಜೂರು ಮಾಡಿತು. ನ್ಯೂ ಯಾರ್ಕ್ ರಾಜ್ಯ 1786ರಲ್ಲಿ 16 ಸಾವಿರ ಎಕರೆ ಕಾಡುಭೂಮಿಯನ್ನು ಉಂಬಳಿಯಾಗಿ ಕೊಟ್ಟಿತ್ತು. ಕೈ ಬಿಚ್ಚಿ ಖರ್ಚು ಮಾಡುವ, ಹಳೆಯ ಸೈನಿಕರು ಬಂದರೆ ಇದ್ದುದನ್ನೆಲ್ಲ ಕೊಟ್ಟುಬಿಡುವ ಅವನ ಗುಣದಿಂದ ಸಾಲ ಎಂದೂ ತೀರಲಿಲ್ಲ. ಹ್ಯಾಮಿಲ್ಟನ್ ಮೊದಲಾದ ಗೆಳೆಯರು ಅವನ ಲೆಕ್ಕ ಸರಿಪಡಿಸಲು ಹೆಣಗಿದರು. ಇಡೀ ಸೇನೆಯ ಬಂದೂಕುಗಳನ್ನು ಎಣಿಸಿಟ್ಟವನಿಗೆ ತನ್ನ ಮನೆಯ ಲೆಕ್ಕ ಹಿಡಿಯಲಾಗಲಿಲ್ಲ.

1794ರ ನವೆಂಬರ್ 28ರಂದು, ಉಂಬಳಿ ಭೂಮಿಯ ಮರದ ದಿಮ್ಮಿಗಳ ಮನೆಯಲ್ಲಿ, ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಸ್ಟೊಯ್ಬೆನ್ ತೀರಿಕೊಂಡ. ಆಸ್ತಿಯನ್ನು ತಾನು ಮಕ್ಕಳೆಂದೇ ಭಾವಿಸಿದ್ದ ಇಬ್ಬರು ಸಹಾಯಕರಿಗೆ, ಬೆಂಜಮಿನ್ ವಾಕರ್ ಮತ್ತು ವಿಲಿಯಂ ನಾರ್ತ್‌ಗೆ ಬರೆದಿಟ್ಟಿದ್ದ. ಮುಂದಿನ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಬಂದ ಲಕ್ಷಾಂತರ ಜರ್ಮನ್ನರು ತಮ್ಮ ನಿಷ್ಠೆಗೆ ಸಾಕ್ಷಿಯಾಗಿ ಅವನ ಹೆಸರನ್ನು ಎತ್ತಿಹಿಡಿದರು. 1848ರ ಕ್ರಾಂತಿಯ ಸೋಲಿನ ಬಳಿಕ ದೇಶ ಬಿಟ್ಟು ಬಂದ ಫ್ರೀಡ್ರಿಕ್ ಕಾಪ್ ಅವನ ಮೊದಲ ವಿಸ್ತಾರವಾದ ಜೀವನಚರಿತ್ರೆ ಬರೆದ. ಇಪ್ಪತ್ತನೆಯ ಶತಮಾನದಲ್ಲಿ ಪ್ರಷ್ಯದ ದಾಖಲೆಗಳನ್ನು ಆಧರಿಸಿ ಜಾನ್ ಮೆಕಾಲೆ ಪಾಮರ್ 1937ರಲ್ಲಿ ಪ್ರಕಟಿಸಿದ ಗ್ರಂಥ ಲೆಫ್ಟಿನೆಂಟ್ ಜನರಲ್ ಪದವಿಯ ಕಟ್ಟುಕತೆಯನ್ನು ಬಿಚ್ಚಿಟ್ಟಿತು. ಅದರಿಂದ ಅವನ ಗೌರವ ಇಳಿಯಲಿಲ್ಲ. ನ್ಯೂ ಯಾರ್ಕ್ ನಗರದಲ್ಲಿ 1957ರಿಂದ ಪ್ರತಿ ಸೆಪ್ಟೆಂಬರಿನಲ್ಲಿ ಅವನ ಹೆಸರಿನ ಮೆರವಣಿಗೆ ನಡೆಯುತ್ತ ಬಂದಿದೆ.

ವಾಷಿಂಗ್ಟನ್ ನಗರದಲ್ಲಿ ಅಧ್ಯಕ್ಷರ ಭವನದ ಎದುರಿನ ಲಫಾಯೆಟ್ ಚೌಕದ ಮೂಲೆಯೊಂದರಲ್ಲಿ 1910ರಲ್ಲಿ ಅನಾವರಣಗೊಂಡ ಅವನ ಕಂಚಿನ ಪ್ರತಿಮೆ ಇದೆ. ಅದರ ಪ್ರತಿಕೃತಿಯೊಂದು ಮರುವರ್ಷ ಜರ್ಮನಿಯ ಪಾಟ್ಸ್‌ಡಾಮ್‌ಗೆ ಹೋಯಿತು. ಮೇಲಂಗಿ ತೊಟ್ಟು ಚಳಿಯಲ್ಲಿ ಕವಾಯತು ನೋಡುತ್ತ ನಿಂತ ಭಂಗಿಯ ಆ ಪ್ರತಿಮೆಯ ಪೀಠದಲ್ಲಿ, ಹಿರಿಯ ಯೋಧನೊಬ್ಬ ಕಿರಿಯನಿಗೆ ಖಡ್ಗ ಹಿಡಿಯುವುದನ್ನು ಕಲಿಸುವ ಶಿಲ್ಪವಿದೆ. ಹಿಂಬದಿಯಲ್ಲಿ, ಚೌಕವನ್ನು ಸುತ್ತಿ ಬಂದವರಿಗೆ ಮಾತ್ರ ಕಾಣುವಂತೆ, ನಾರ್ತ್ ಮತ್ತು ವಾಕರ್ ಇಬ್ಬರ ಮುಖಗಳನ್ನು ಒಂದೇ ಪದಕದಲ್ಲಿ ಕೆತ್ತಲಾಗಿದೆ.